ದುಂಡೇಶನಿಗೆ ಸಿಕ್ಕ ಸಿಂಹಾಸನ

ಬಂಗೂರನಗರದಲ್ಲಿ ದುಂಡೇಶನ ದನಿ ಗೊತ್ತಿಲ್ಲದವರು ಕಡಿಮೆ. ಅವನಪ್ಪ ಸವದತ್ತಿ ಕಡೆಯಿಂದ ಕಾಗದದ ಕಾರ್ಖಾನೆಗೆ ದುಡಿಯಲು ಬಂದವನು. ದುಂಡೇಶ ಹುಟ್ಟಿದ್ದು ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ, ದುಡಿಯುವುದೂ ಅದೇ ಕಾರ್ಖಾನೆಯ ಕಟಿಂಗ್ ವಿಭಾಗದಲ್ಲಿ. ಯಂತ್ರದ ಗದ್ದಲವನ್ನು ಮೀರಿ ಕೂಗಿ ಕೂಗಿ ಅವನ ಗಂಟಲು ಪಳಗಿತ್ತು. ನಿವೃತ್ತ ಇತಿಹಾಸ ಮಾಸ್ತರ ಮಹಾಬಳೇಶ್ವರರು ಕಟ್ಟಿದ ಹವ್ಯಾಸಿ ನಾಟಕ ತಂಡದಲ್ಲಿ ಯಾವ ದೇಶದ ರಾಜ ಬಂದರೂ ಆ ಪಾತ್ರ ದುಂಡೇಶನದೇ. ಮೀಸೆಯನ್ನೂ ಅವನು ಅದಕ್ಕಾಗಿಯೇ ಸಾಕಿದ್ದ.

ಎರಡು ವರ್ಷದ ಕೆಳಗೆ ತಂಡಕ್ಕೆ ಜಾಹಿದ ಬಂದ. ಹಳಿಯಾಳ ರಸ್ತೆಯಲ್ಲಿ ಬೈಕ್ ಗ್ಯಾರೇಜ್ ಇಟ್ಟಿರುವ ಉಸ್ಮಾನಸಾಬರ ಮಗ. ಬಂದದ್ದು ಲೈಟಿನ ವಯರು ಜೋಡಿಸಲು. ಒಂದು ದಿನ ಯಾರೋ ತಾಲೀಮಿಗೆ ಬರಲಿಲ್ಲವೆಂದು ಅವರ ಮಾತನ್ನು ಇವನು ಓದಿದ. ಮಾಸ್ತರರು ಕನ್ನಡಕ ತೆಗೆದು ಅವನನ್ನೇ ನೋಡುತ್ತ ಕೂತುಬಿಟ್ಟರು. ಇಷ್ಟು ವರ್ಷ ಜೊತೆಗಿದ್ದರೂ ತನ್ನನ್ನು ಅವರು ಹಾಗೆ ನೋಡಿದ್ದು ದುಂಡೇಶನಿಗೆ ನೆನಪಿಲ್ಲ. ಅವತ್ತು ಹೊಟ್ಟೆಯಲ್ಲಿ ಹತ್ತಿದ ಕಿಚ್ಚು ಆಮೇಲೆ ಆರಲೇ ಇಲ್ಲ.

ಈ ಸಲ ಮಾಸ್ತರರು ಚೀನಾದ ಕಥೆ ಬರೆದರು. ಚಿಂಗ್ ವಂಶದ ಕಾಂಗ್‌ಶಿ ಎಂಬ ಚಕ್ರವರ್ತಿ ಅರವತ್ತು ವರ್ಷಕ್ಕೂ ಮೇಲೆ ಆಳಿ, ಗಾದಿ ಯಾರಿಗೆಂದು ಊರಿಗೆಲ್ಲ ತಿಳಿಯುವಂತೆ ಹೇಳದೆಯೇ ಸತ್ತ. ಎರಡನೆಯ ಮಗನಿಗಂತೂ ಎರಡು ಸಲ ಯುವರಾಜ ಪಟ್ಟ ಕಟ್ಟಿ ಎರಡು ಸಲವೂ ಇಳಿಸಿದ್ದ. ಹದಿನಾಲ್ಕನೆಯ ಮಗ ದಂಡು ಕಟ್ಟಿಕೊಂಡು ದೂರದ ಟಿಬೆಟ್ ಗಡಿಯಲ್ಲಿದ್ದ. ಹತ್ತಿರವಿದ್ದ ನಾಲ್ಕನೆಯವನು ಗಾದಿ ಏರಿದ. ಉಯಿಲಿನಲ್ಲಿ 'ಹದಿನಾಲ್ಕು' ಎಂದಿದ್ದುದನ್ನು ಯಾರೋ ಅಕ್ಷರ ತಿದ್ದಿ 'ನಾಲ್ಕು' ಮಾಡಿದರೆಂದು ಜನ ಆಡಿಕೊಂಡರು.

"ಖರೇನ ತಿದ್ದಿದ್ರೇನ್ರಿ?" ಎಂದು ಜಾಹಿದ ಕೇಳಿದ.

"ಪುರಾವೆ ಇಲ್ಲ. ಆದ್ರ ಸಾಯೂತನಾ ಆ ಮಾತು ಅವನ ಬೆನ್ನು ಬಿಡಲಿಲ್ಲ," ಎಂದರು ಮಾಸ್ತರರು. ಆಮೇಲೆ ಪಾತ್ರ ಹಂಚಿದರು. ಗಾದಿ ಏರುವ ನಾಲ್ಕನೆಯವನು ಜಾಹಿದ. ಗಾದಿ ತಪ್ಪಿದ ಹದಿನಾಲ್ಕನೆಯವನು ದುಂಡೇಶ.

ದುಂಡೇಶ ಮನೆಗೆ ಹೋಗಿ ತಾಟನ್ನು ಅತ್ತಿತ್ತ ಸರಿಸುತ್ತ ಕೂತ. ಹೆಂಡತಿ ಜ್ಯೋತಿ ರೊಟ್ಟಿ ಹಾಕುತ್ತ, "ಪಾರ್ಟ್ ಸಣ್ಣದು ಬಂತೇನ್ರಿ?" ಎಂದಳು.

"ಸಣ್ಣದಲ್ಲ. ನಂದಲ್ಲ," ಎಂದು ಎದ್ದುಬಿಟ್ಟ.

ಅಲ್ಲಿಂದ ಅವನ ಕಣ್ಣಿಗೆ ಬೇರೇನೂ ಬೀಳಲಿಲ್ಲ. ಮಾಸ್ತರರು ತಮ್ಮ ಚಹಾದಲ್ಲಿ ಅರ್ಧ ಬಸಿಗೆ ಬಗ್ಗಿಸಿ ಜಾಹಿದನಿಗೆ ಕೊಟ್ಟದ್ದು, ಅವನ ಹೆಗಲ ಮೇಲೆ ಕೈಯಿಟ್ಟು ನಡೆದದ್ದು, ಅವನು ತಪ್ಪಿದಾಗ ಬಯ್ಯದೆ ನಕ್ಕದ್ದು, ಎಲ್ಲವನ್ನೂ ಎತ್ತಿಟ್ಟುಕೊಂಡ. ಒಂದು ಮಧ್ಯಾಹ್ನ ಕಾರ್ಖಾನೆ ಗೇಟಿನೆದುರು ಚಹಾ ಮಾರುವ ಶಂಕ್ರೆವ್ವನ ಮುಂದೆ ಮಾತು ಜಾರಿತು.

"ರಾಜನ ಪಾರ್ಟಿಗೆ ಮಾಸ್ತರ ಮದಲ ನನ್ನ ಹೆಸರ ಹೇಳಿದ್ರಬೇ. ಆ ಜಾಹಿದ ಅವರ ಸ್ಕೂಟರ್ ಪುಕ್ಕಟೆ ರಿಪೇರಿ ಮಾಡಿಕೊಟ್ಟ ನೋಡು, ಹೆಸರು ಬದಲಾತು."

ಹೇಳುವಾಗ ಅದು ಸುಳ್ಳೆಂದು ಅವನಿಗೆ ಗೊತ್ತಿತ್ತು. ವಾರ ಕಳೆಯುವುದರೊಳಗೆ ಆ ಮಾತು ಕ್ವಾರ್ಟರ್ಸಿನ ಓಣಿಗಳನ್ನೆಲ್ಲ ಸುತ್ತಿ ಅವನ ಕಿವಿಗೇ ಮರಳಿ ಬಂದಾಗ, ಇರಬಹುದೇನೋ ಎಂದು ಅವನಿಗೂ ಅನ್ನಿಸತೊಡಗಿತು.

ಭಾನುವಾರ ಬೆಳಿಗ್ಗೆ ಜಾಹಿದ ಮನೆಗೆ ಬಂದ. ಒಳಗೆ ಕರೆದರೂ ಬರದೆ ಬಾಗಿಲಲ್ಲೇ ನಿಂತ.

"ದುಂಡೇಶಣ್ಣ, ರಾಜನ ಪಾರ್ಟ್ ನೀವ ಮಾಡ್ರಿ, ನಿಮ್ಮದು ನಾ ಮಾಡ್ತೇನಿ. ಮಾಸ್ತರ ನನ್ನ ಕಡಿಂದ ಏನೋ ತಗೊಂಡಾರ ಅಂತ ಊರಾಗ ಮಾತಾಡಾಕತ್ತಾರ. ನನ್ನ ಸಲುವಾಗಿ ಅವರ ಹೆಸರು ಕೆಡೂದು ಬ್ಯಾಡ. ಅವರಿಗೆ ಹೇಳಿ ಬಂದೇನಿ."

ಬೇಡ ಅನ್ನುವುದಕ್ಕೆ ದುಂಡೇಶನಿಗೆ ಒಂದು ಗಳಿಗೆ ಸಿಕ್ಕಿತ್ತು. ಅವನು ಅನ್ನಲಿಲ್ಲ. "ನೀ ಇಷ್ಟು ಹೇಳತಿದ್ರ ಆತು ಬಿಡು," ಎಂದ.

ಮುಂಡಗೋಡದ ಟಿಬೆಟನ್ ಕ್ಯಾಂಪಿನ ಅಜ್ಜಿಯೊಬ್ಬಳು ಹೊಲಿದುಕೊಟ್ಟ ಹಳದಿ ನಿಲುವಂಗಿ ತೊಟ್ಟು ದುಂಡೇಶ ಹಳಿಯಾಳದ ರಂಗದ ಮೇಲೆ ಸಿಂಹಾಸನದಲ್ಲಿ ಕೂತ. ಎರಡನೆಯ ಅಂಕದಲ್ಲಿ ಹದಿನಾಲ್ಕನೆಯ ರಾಜಕುಮಾರ ಗಡಿಯಿಂದ ಬರುತ್ತಾನೆ. ಜಾಹಿದ ಬಂದ. ಅಪ್ಪನ ಶವಪೆಟ್ಟಿಗೆಯ ಮುಂದೆ ಕುಸಿದು ಅತ್ತ. ಆಮೇಲೆ ಎದ್ದು ಅಣ್ಣನ ಮುಂದೆ ನಿಂತ. ಕಾವಲುಗಾರ ಮಂಡಿಯೂರೆಂದು ತೋಳು ಹಿಡಿದು ಎಳೆದರೂ ಬಾಗಲಿಲ್ಲ. ಸಿಂಹಾಸನವನ್ನೇ ದಿಟ್ಟಿಸಿ ನೋಡಿದ. ಮುಂದಿನ ಸಾಲಿನ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಹಿಂದಿನಿಂದ ಸಿಳ್ಳೆ, ಚಪ್ಪಾಳೆ.

ಮೇಲೆ ಕೂತ ದುಂಡೇಶನ ಮೈ ಉರಿಯಿತು. ಬಯಸಿ ಪಡೆದ ಗಾದಿಯ ಮೇಲೆ ತಾನಿದ್ದೇನೆ, ಜನ ಮಾತ್ರ ಅವನ ಕಡೆ. ಆ ಪಾತ್ರ ಮೊದಲು ತನ್ನದಾಗಿತ್ತು!

ಅವನ ಮಾತಿನ ಸರದಿ ಬಂತು. "ಈ ಗಾದಿ ನನ್ನದೇ. ಅಪ್ಪನೇ ಕೊಟ್ಟದ್ದು. ಒಬ್ಬರೂ ನಂಬುತ್ತಿಲ್ಲವಲ್ಲ!" ಗುಡುಗಿನಂತೆ ಹೇಳಬೇಕಾದ ಮಾತು. ಆದರೆ ಎದುರಿಗೆ ನಿಂತ ಜಾಹಿದನ ಮುಖ ನೋಡಿದೊಡನೆ ಆ ದೊಡ್ಡ ದನಿ ಇಳಿಯಿತು. ಮಾತು ಸಣ್ಣದಾಗಿ, ಒಡೆದು ಹೊರಬಿತ್ತು. ಸಭೆ ತಣ್ಣಗಾಯಿತು. ಅದು ಮೆಚ್ಚಿಗೆಯೋ ಅಲ್ಲವೋ ಅವನಿಗೆ ತಿಳಿಯಲಿಲ್ಲ.

ನಾಟಕ ಮುಗಿದ ಮೇಲೆ ನಲ್ಲಿಯ ಹತ್ತಿರ ಇಬ್ಬರೂ ಬಣ್ಣ ತೊಳೆಯುತ್ತಿದ್ದರು.

"ಜಾಹಿದಾ, ಸ್ಕೂಟರಿನ ಆ ಮಾತು ಹಬ್ಬಿಸಿದಂವ ನಾನ."

"ಗೊತ್ತೈತ್ರಿ. ಶಂಕ್ರೆವ್ವ ಮರುದಿನಾನ ಹೇಳಿದ್ಲು."

"ಗೊತ್ತಿದ್ದೂ ಬಿಟ್ಟಕೊಟ್ಟೆ?"

"ಸಿಟ್ಟು ಬಂದಿತ್ರಿ, ಇನ್ನೂ ಐತಿ. ಆದ್ರ ನೀವು ಬಿಟ್ಟು ಹೋದ್ರ ನಾಟಕಾನ ನಿಲ್ಲತಿತ್ತು."

ದುಂಡೇಶನಿಗೆ ನಾಚಿಕೆಯಾಯಿತು. ಇಷ್ಟು ದೊಡ್ಡ ಮನಸ್ಸೂ ಇವನಿಗೇ ಸಿಕ್ಕಿತಲ್ಲ ಎಂದು ಅದರ ಹಿಂದೆಯೇ ಮತ್ತೆ ಕಿಚ್ಚೂ ಹತ್ತಿತು.

ಮರುದಿನ ಮಾಸ್ತರರ ಮನೆಗೆ ಹೋಗಿ ಎಲ್ಲವನ್ನೂ ಹೇಳಿದ. ಶಂಕ್ರೆವ್ವನ ಅಂಗಡಿಯಲ್ಲಿ ನಾಲ್ಕು ಜನರೆದುರು ನಿಂತು, ತಾನು ಆಡಿದ್ದು ಸುಳ್ಳೆಂದ. ಮುಂದೆ ಮುಂಡಗೋಡದಲ್ಲಿ ಆಗಲಿದ್ದ ಆಟಕ್ಕೆ ಪಾತ್ರ ಅದಲುಬದಲು ಮಾಡಿರೆಂದು ಮಾಸ್ತರರನ್ನು ಬೇಡಿಕೊಂಡ.

"ಇಲ್ಲ. ನಿನ್ನೆ ಗಾದಿ ಮ್ಯಾಲ ಕುಂತು ಆ ಮಾತು ಹೆಂಗ ಹೇಳಿದಿ, ಹಂಗ ಹೇಳು. ಏರಿ ಕುಂತಿ, ಇನ್ನ ಇಳಿಯೂ ಹಂಗಿಲ್ಲ," ಎಂದರು ಅವರು.

ಮುಂಡಗೋಡದಲ್ಲೂ ಚಪ್ಪಾಳೆ ಜಾಹಿದನಿಗೇ ಬಿತ್ತು. ನಿಲುವಂಗಿ ಹೊಲಿದ ಅಜ್ಜಿ ಪರದೆಯ ಹಿಂದೆ ಬಂದು ಜಾಹಿದನ ಎರಡೂ ಕೈ ಹಿಡಿದುಕೊಂಡಳು. ಹಿಂತಿರುಗುವ ಟೆಂಪೋದಲ್ಲಿ ಜ್ಯೋತಿ ಗಂಡನ ಮುಖ ನೋಡಿ ಮೆಲ್ಲಗೆ, "ಹೊಟ್ಟ್ಯಾಗ ಇನ್ನೂ ಉರೀತೈತೇನ್ರಿ?" ಎಂದಳು.

"ಉರೀತೈತಿ," ಎಂದ ದುಂಡೇಶ. ಆಮೇಲೆ ಮುಂದಿನ ಸೀಟಿಗೆ ಬಗ್ಗಿ ಜಾಹಿದನ ಭುಜ ತಟ್ಟಿದ. "ಕಡೀ ಮಾತು ಮುಗಿಯೂಕಿಂತ ಮದಲ ನಿನ್ನ ಉಸಿರು ಮುಗೀತೈತಿ. ಹಿಂದ ಕುಂತವರಿಗೆ ಕೇಳಂಗಿಲ್ಲ. ನಾಳೆ ಮನಿಗೆ ಬಾ, ತೋರಸ್ತೇನಿ."

ಜಾಹಿದ ತಿರುಗಿ ನೋಡಿದ. ಮರುದಿನ ಸಂಜೆ ಗ್ಯಾರೇಜ್ ಮುಚ್ಚಿ, ಕೈಯ ಗ್ರೀಸ್ ತೊಳೆದುಕೊಂಡು ಬಂದ. ಈ ಸಲ ಒಳಗೇ ಬಂದು ಕೂತ.