ಮರುಭೂಮಿಗೆ ಹೊರಟಿದ್ದ ಕಾಕು

ಕಾಕುವಿನ ಎಡಗೆನ್ನೆ ಸದಾ ಉಬ್ಬಿರುತ್ತಿತ್ತು. ಧಾರವಾಡದವರು, ಎಲೆಯಡಿಕೆ ಇರಬೇಕು ಎಂದು ಮೊದಮೊದಲು ನಾನು ತಿಳಿದಿದ್ದೆ. ಅದು ಐಸಿನ ತುಂಡು. ಮೂತ್ರಪಿಂಡ ಕೈಕೊಟ್ಟ ಮೇಲೆ ದಿನಕ್ಕೆ ಇಷ್ಟೇ ನೀರು ಎಂದು ಆಸ್ಪತ್ರೆಯವರು ಕಟ್ಟಪ್ಪಣೆ ಮಾಡಿದ್ದರು. ಚಹಾ, ಸಾರು, ಮಜ್ಜಿಗೆ ಎಲ್ಲವೂ ಅದರೊಳಗೇ. ಗುಟುಕರಿಸಿದರೆ ಕ್ಷಣದಲ್ಲಿ ಮುಗಿದುಹೋಗುವ ನೀರನ್ನು ಕಾಕು ಫ್ರೀಜರಿನಲ್ಲಿ ಗಟ್ಟಿಮಾಡಿ, ಕೆನ್ನೆಯಲ್ಲಿಟ್ಟುಕೊಂಡು ಸಾವಕಾಶ ಕರಗಿಸುತ್ತಿದ್ದರು.

ಲಂಡನ್ನಿನ ಕಿಂಗ್ಸ್‌ಬರಿಯಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ನಾನು ಪಾರ್ಕ್ ರಾಯಲ್‌ನ ಗೋದಾಮಿನಿಂದ ಅಂಗಡಿಗಳಿಗೆ ಹಾಲು, ಮೊಸರು ಸಾಗಿಸುವ ವ್ಯಾನ್ ಓಡಿಸುತ್ತೇನೆ. ಮೈಸೂರಿನ ನೆಂಟರು ಈಗಲೂ ಇದನ್ನು ನಂಬುವುದಿಲ್ಲ, ಆಫೀಸು ಕೆಲಸ ಅಂತಲೇ ಊರಲ್ಲಿ ಹೇಳಿಕೊಳ್ಳುತ್ತಾರೆ. ಬೆಳಗಿನ ಜಾವ ಹೊರಟವಳು ಟ್ರಾಫಿಕ್ಕಿನಲ್ಲಿ ಬೆನ್ನು ಬಗ್ಗಿಸಿ ಸಂಜೆ ಮನೆ ಸೇರುವ ಹೊತ್ತಿಗೆ, ಬೂಟು ಬಿಚ್ಚುವುದೂ ಒಂದು ಕೆಲಸವೆನಿಸುತ್ತಿತ್ತು. ಸರಿಯಾಗಿ ಆಗಲೇ ಕಾಕು ಬಾಗಿಲು ಬಡಿಯುವರು.

"ದಣಿದೀ ಏನವಾ?"

"ತುಂಬಾ, ಕಾಕು. ಕಾಲು ಬಿದ್ದುಹೋಗ್ತಿದೆ."

"ಹಂಗಾರ ಕೂತು ಮಾತಾಡೋಣು," ಎಂದು ಒಳಗೆ ಬಂದೇ ಬಿಡುವರು. ನನ್ನ ದಣಿವನ್ನು ದಿನವೂ ವಿಚಾರಿಸುತ್ತಿದ್ದವರು ಅವರೊಬ್ಬರೇ. ಉತ್ತರವನ್ನು ಕಿವಿಗೆ ಹಾಕಿಕೊಳ್ಳದವರೂ ಅವರೊಬ್ಬರೇ.

ಅವರ ಯಜಮಾನರು, ಎಲ್ಲರ ಬಾಯಲ್ಲಿ ಕಾಕಾ, ಆಸ್ಪತ್ರೆಯಿಂದ ನಿವೃತ್ತರಾದ ಡಾಕ್ಟರು. ಪ್ರತಿ ಮುಂಜಾನೆ ಅಡುಗೆಮನೆಯಲ್ಲಿ ನಿಂತು, ಗೆರೆ ಕೊರೆದ ಜಗ್ಗಿನಲ್ಲಿ ಹೆಂಡತಿಯ ಆ ದಿನದ ನೀರು ಅಳೆಯುತ್ತಿದ್ದರು. ಗೆರೆ ಮೀರಿದರೆ ಚಮಚದಿಂದ ತೆಗೆದು ಸಿಂಕಿಗೆ ಚೆಲ್ಲುವರು. ಕಾಕು ಅವರ ಎದುರಿಗೇ "ನಮ್ಮನಿ ಫೌಜದಾರ" ಅನ್ನುತ್ತಿದ್ದರು. ಕಾಕಾ ನಗುತ್ತಿರಲಿಲ್ಲ. ಪ್ರೀತಿಗೆ ಅವರಿಗೆ ಬೇರೆ ಭಾಷೆ ಬರುತ್ತಿರಲಿಲ್ಲ ಎಂದು ಈಗ ಅನಿಸುತ್ತದೆ.

ಒಂದು ಸಂಜೆ ಕಾಕು ತಮ್ಮ ಟ್ಯಾಬ್ಲೆಟ್ ತಂದು ನನ್ನ ಊಟದ ತಟ್ಟೆಯ ಪಕ್ಕ ಇಟ್ಟರು. ಅಮೆರಿಕದ ಯಾವುದೋ ಮರುಭೂಮಿ. ಕೆಂಪು ಬಂಡೆಗಳ ನಡುವೆ ಸೀಳಿದಂಥ ಕಣಿವೆ, ಅದರ ತುದಿಯಲ್ಲಿ ಒಂದು ಜಲಪಾತ. ಅಲ್ಲಿಗೆ ಮರಳಿನ ಕಾಲುಹಾದಿಯಲ್ಲಿ ನಡೆದೇ ಹೋಗಬೇಕು. ರಾತ್ರಿಯಿಡೀ ಹೊಟ್ಟೆಯ ಕೊಳವೆಗೆ ಡಯಾಲಿಸಿಸ್ ಯಂತ್ರ ಜೋಡಿಸಿಕೊಂಡು ಮಲಗುವ ಹೆಂಗಸು ಮರುಭೂಮಿಯಲ್ಲಿ ಹೇಗೆ ಇರಬೇಕು? ಅದಕ್ಕೂ ಉತ್ತರ ಸಿದ್ಧವಿತ್ತು. ಅಲ್ಲಿ ಆರ್‌ವಿ ಎಂಬ ದೊಡ್ಡ ವ್ಯಾನು ಬಾಡಿಗೆಗೆ ಸಿಗುತ್ತದಂತೆ. ಒಳಗೇ ಹಾಸಿಗೆ, ಒಲೆ, ಯಂತ್ರಕ್ಕೆ ಕರೆಂಟು.

"ಓಡ್ಸೋರು ಯಾರು?"

"ನೀ ಇದ್ದೀಯಲ್ಲ!"

ಇಡೀ ದಿನ ಸ್ಟೀರಿಂಗ್ ಹಿಡಿದು ಬಂದವಳಿಗೆ ರಜೆಯಲ್ಲೂ ಸ್ಟೀರಿಂಗ್. ಆದರೂ ಒಪ್ಪಿಕೊಂಡೆ. ಅವರಿಗೆ ಇಲ್ಲ ಅನ್ನಲು ಬೇಕಾದ ಶಕ್ತಿ ಆ ಹೊತ್ತಿಗೆ ಯಾರಲ್ಲೂ ಉಳಿದಿರುತ್ತಿರಲಿಲ್ಲ.

ಕಾಕಾ ಮಾತ್ರ ಕೆಂಡವಾದರು. "ನೀರು ಹೆಚ್ಚು ಕುಡೀಬಾರದು ಅಂತ ಹೇಳಿಸಿಕೊಂಡಾಕಿನ್ನ ಮರುಭೂಮಿಗೆ ಒಯ್ಯಬೇಕಾ? ಫಾಲ್ಸ್ ಬೇಕಂದ್ರ ಗೋಕಾಕ ನೋಡೀದಿ, ಸಾಕು."

"ನನಗ ಬಿಸಲಿದ್ದಲ್ಲೇ ಹೋಗಬೇಕಾಗ್ಯದ," ಅಂದರು ಕಾಕು. ಯಾಕೆಂದು ಹೇಳಲಿಲ್ಲ.

ಅಂದಿನಿಂದ ತಯಾರಿ. ಕಟಕ್ ರೊಟ್ಟಿ ಕೆಡುವುದಿಲ್ಲವೆಂದು ಬಡಿದು ಒಣಗಿಸಿದರು. ನನ್ನ ರಜೆಯ ದಿನಗಳಲ್ಲಿ ಪಾರ್ಕಿನ ಗುಡ್ಡ ಹತ್ತಿ ಇಳಿಯುವ ಅಭ್ಯಾಸ. ಜುಲೈ ತಿಂಗಳ ಒಂದು ಮಧ್ಯಾಹ್ನ ನೋಡುತ್ತೇನೆ, ಸೀರೆಯ ಮೇಲೆ ಎರಡು ಸ್ವೆಟರು, ಅದರ ಮೇಲೆ ಕಾಕಾನ ಚಳಿಗಾಲದ ಕೋಟು! ಹಾದಿಹೋಕರು ತಿರುಗಿ ತಿರುಗಿ ನೋಡುತ್ತಿದ್ದರು. ಗುಡ್ಡದ ಮೇಲಿನ ಬೆಂಚಿನಲ್ಲಿ ಕುಸಿದು ಕೂತು, ಮೂಗಿನ ಕೆಳಗೆ ಬೆರಳಾಡಿಸಿ, ಹಸಿಯಾದ ಬೆರಳನ್ನು ನನ್ನ ಮುಖದ ಮುಂದೆ ಹಿಡಿದರು.

"ಬೆವರು! ನೋಡವಾ, ಬಂತು!"

"ಕಾಕು, ಏನಿದು ಹುಚ್ಚು? ಬಿದ್ದುಬಿಟ್ರೆ ನಾನೇನು ಮಾಡ್ಲಿ?"

ಆಗ ಹೇಳಿದರು. ದೇಹದ ನೀರು ಬೆವರಾಗಿ ಹೋದರೆ, ಹೋದಷ್ಟನ್ನು ಕುಡಿಯಲು ಡಾಕ್ಟರು ಒಪ್ಪಬಹುದಂತೆ. ಕ್ಲಿನಿಕ್ಕಿನಲ್ಲಿ ಪಕ್ಕ ಕೂತಿದ್ದ ಯಾರೋ ಬೇಸಿಗೆಯಲ್ಲಿ ಬಿಸಿಲೂರಿಗೆ ಹೋಗಿ, ಡಾಕ್ಟರನ್ನು ಕೇಳಿಯೇ ಒಂದು ದೊಡ್ಡ ಗ್ಲಾಸು ಹೆಚ್ಚಿಗೆ ಕುಡಿದು ಬಂದಿದ್ದರಂತೆ. "ಈ ಲಂಡನ್ನಿನಾಗ ಎಲ್ಲಿ ಬೆವರತದ? ಅಲ್ಲಿ ಬಿಸಲಾಗ ನಡದು, ಆ ನೀರಿನ ಮುಂದ ಕೂತು, ಒಂದು ತುಂಬಿದ ಗ್ಲಾಸು ಗಟಗಟಾ ಕುಡೀಬೇಕು. ಅಷ್ಟೇ ಅದ ನನ್ನ ಆಸೆ."

ನನ್ನ ಚೀಲದಲ್ಲಿ ನೀರಿನ ಬಾಟಲಿಯಿತ್ತು. ನಾನು ಅದನ್ನು ಮುಟ್ಟಿದ್ದನ್ನು ಕಂಡು ಅವರು ತಲೆಯಾಡಿಸಿದರು. "ಬ್ಯಾಡ. ಕದ್ದು ಕುಡಿಯೋದಾದ್ರ ನಳ ಮನಿಯಾಗ ಇಲ್ಲೇನು? ನಮ್ಮನಿಯವರು ನನ್ನ ಸಲುವಾಗಿ ದಿನಾ ನೀರು ಅಳೀತಾರ. ಅವರು ಹೂಂ ಅಂದು ಕೊಡಬೇಕು."

ಮುಂದಿನ ಕ್ಲಿನಿಕ್ಕಿಗೆ ನಾನೇ ಇಬ್ಬರನ್ನೂ ಕರೆದೊಯ್ದೆ. ಕಾಕು ಡಾಕ್ಟರ ಮುಂದೆ ಅದನ್ನೇ ಕೇಳಿಬಿಟ್ಟರು. ಆ ಚಿಕ್ಕ ವಯಸ್ಸಿನ ಡಾಕ್ಟರು, ಬೆವರಿದರೆ ಸ್ವಲ್ಪ ಹೆಚ್ಚು ಕುಡಿಯಬಹುದು, ಆದರೆ ಪ್ರಯಾಣದ ಮಾತು ವಸಂತದಲ್ಲಿ ರಕ್ತ ಪರೀಕ್ಷೆ ನೋಡಿದ ಮೇಲೆ ಎಂದರು. ಕಾಕಾ ಹೆಂಡತಿಯ ಮುಖವನ್ನೇ ನೋಡುತ್ತಿದ್ದರು. ಮನೆಗೆ ಬಂದವರೇ ಕನ್ನಡಕ ಹಾಕಿಕೊಂಡು, "ಆ ಆರ್‌ವಿಯೊಳಗ ಕರೆಂಟು ರಾತ್ರಿಯೆಲ್ಲಾ ಇರತದೇನು? ತೋರಸು," ಎಂದು ಟ್ಯಾಬ್ಲೆಟ್ ಎಳೆದುಕೊಂಡರು.

ಆ ಚಳಿಗಾಲ ಮೂವರೂ ನನ್ನ ಅಡುಗೆಮನೆಯಲ್ಲಿ ಕೂತು ಹಾದಿ ಹುಡುಕಿದೆವು. ಯಾವ ಊರಲ್ಲಿ ತಂಗುವುದು, ಡಯಾಲಿಸಿಸ್ ದ್ರವದ ಪೆಟ್ಟಿಗೆಗಳನ್ನು ಎಲ್ಲಿಗೆ ತರಿಸುವುದು, ಬೆಳಿಗ್ಗೆ ಎಷ್ಟು ಬೇಗ ನಡೆಯಲು ಹೊರಡುವುದು. ಗಂಡ ಹೆಂಡತಿ ಜಗಳವಾಡುತ್ತಿದ್ದರೆ ನಾನು ಮೇಜಿಗೆ ತಲೆಯಾನಿಸಿ ತೂಕಡಿಸುತ್ತಿದ್ದೆ. ಎಷ್ಟೋ ವರ್ಷಗಳಿಂದ ಬರೀ ಹಾಲಿನ ಕ್ರೇಟುಗಳ ಹಿಂದೆ ಓಡಿದವಳಿಗೆ, ಹೋಗಬೇಕಾದ ಊರೊಂದಿದೆ ಎಂಬುದೇ ದೊಡ್ಡ ಸಮಾಧಾನವಾಗಿತ್ತು. ಅದನ್ನು ಕೊಟ್ಟವರು ಕಾಕು.

ಫೆಬ್ರವರಿಯಲ್ಲಿ ಹೊಟ್ಟೆಯ ಕೊಳವೆಗೆ ಸೋಂಕಾಯಿತು. ಮೊದಲು ವಾರ್ಡು, ಆಮೇಲೆ ಒಂಟಿ ಕೋಣೆ. ಡಯಾಲಿಸಿಸ್ ತಾಳುವ ಶಕ್ತಿ ಇನ್ನು ದೇಹದಲ್ಲಿಲ್ಲ ಎಂದು ಯಂತ್ರ ನಿಲ್ಲಿಸಿದರು. ಆ ಮಧ್ಯಾಹ್ನ ನಾನು ಕೆಲಸದ ಬಟ್ಟೆಯಲ್ಲೇ ಹೋಗಿದ್ದೆ. ನರ್ಸ್ ಮೆಲ್ಲಗೆ, ಇನ್ನು ಅವರು ಬೇಕಾದಷ್ಟು ನೀರು ಕುಡಿಯಬಹುದು, ಅಂದಳು. ಆ ಮಾತಿನ ಅರ್ಥ ಕಾಕಾನಿಗೆ ಗೊತ್ತಿತ್ತು. ಎದ್ದು ಹೋಗಿ ಗ್ಲಾಸು ತುಂಬಿಸಿದರು. ತರುವಾಗ ಕೆಳಗೆಲ್ಲ ಚೆಲ್ಲಿತು, ಮತ್ತೆ ಹೋಗಿ ಕಂಠಮಟ್ಟ ತುಂಬಿಸಿ ತಂದರು.

ಕಾಕು ಗ್ಲಾಸನ್ನು ನೋಡಿದರು, ಆಮೇಲೆ ಗಂಡನನ್ನು.

"ಪೂರ್ತಿ ಅದ?"

"ಪೂರ್ತಿ ಅದ."

"ಅಳೀಲಿಲ್ಲಾ?"

ಕಾಕಾ ಇಲ್ಲವೆಂದು ತಲೆಯಾಡಿಸಿದರು. ಕಾಕು ಬದುಕಿಡೀ ಡಾಕ್ಟರ ಹೆಂಡತಿಯಾಗಿದ್ದವರು. ಬಿಡಿಸಿ ಹೇಳಬೇಕಿರಲಿಲ್ಲ. ಗಂಡನ ಕೈ ಹಿಡಿದುಕೊಂಡರು. ಕಾಕಾ ಗ್ಲಾಸನ್ನು ತುಟಿಗೆ ಹಿಡಿದರು. ಎರಡು ಗುಟುಕು, ಅಷ್ಟೇ.

"ಸಾಕು. ನೀರಡಿಕಿ ಹೋತು," ಅಂದರು. "ಉಳಿದದ್ದು ನೀವು ಕುಡೀರಿ. ಮುಂಜಾನಿಂದ ಹಂಗೇ ಕೂತೀರಿ."

ಹೆಂಡತಿಯ ಮಾತು ಮೀರಲಾರದೆ ಕಾಕಾ ನಿಂತಲ್ಲೇ ಅಷ್ಟನ್ನೂ ಕುಡಿದರು. ಕುಡಿದು ಮುಗಿಯುವವರೆಗೂ ಕಾಕು ಅವರನ್ನೇ ನೋಡುತ್ತಿದ್ದರು.