ಕಬ್ಬಿಣದ ಪಾಠ ಬಿಟ್ಟುಕೊಟ್ಟ ಮೇಷ್ಟ್ರು

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಮಲವಗೊಪ್ಪದಿಂದ ಸೈಕಲ್ ತುಳಿದು ಬಂದ ಶಿವಯೋಗಪ್ಪ ಮೇಷ್ಟ್ರು ಶಿವಮೊಗ್ಗದ ಕಾಲೇಜಿನ ರಸಾಯನಶಾಸ್ತ್ರದ ಲ್ಯಾಬಿನ ಕಿಟಕಿಗಳನ್ನು ತೆರೆಯುತ್ತಾರೆ. ನಿನ್ನೆಯ ಪ್ರಯೋಗದ ಕೊಳೆತ ಮೊಟ್ಟೆಯಂಥ ವಾಸನೆ ಇನ್ನೂ ಹೋಗಿಲ್ಲ. ಮೇಜು ಒರೆಸಿ, ದೊಡ್ಡ ಹಾಳೆ ಹಾಸಿ, ಪೆನ್ಸಿಲ್ ಕೆತ್ತಿಕೊಂಡು ಕೂರುತ್ತಾರೆ. ಕಾಲೇಜಿಗೆ ಹೊಸ ಲೆಕ್ಚರರ್ ಬಂದಿದ್ದಾರೆ. ಪಿಯುಸಿ ಹುಡುಗರಿಗೆ ಅವರು ವರ್ಷವಿಡೀ ಏನು ಕಲಿಸಬೇಕು, ಯಾವುದಾದ ಮೇಲೆ ಯಾವುದು ಎಂಬುದು ಇಂದೇ ಗೊತ್ತಾಗಬೇಕು.

ಪಿಯು ಬೋರ್ಡಿನಿಂದ ಬರುವ ಸಿಲಬಸ್ಸಿನಲ್ಲಿ ಪಾಠಗಳ ಹೆಸರಿರುತ್ತದೆ, ಅಷ್ಟೆ. ಪಾಪ, ಹೊಸಬರು ಅದನ್ನು ಹಿಡಿದುಕೊಂಡು ತಲೆ ಮೇಲೆ ಕೈ ಹೊತ್ತು ಕೂರುತ್ತಾರೆ. ಆಗ ನೆನಪಾಗುವವರು ಈ ಮೇಷ್ಟ್ರೇ. ಸಂಬಳದ ಪಟ್ಟಿಯಲ್ಲಿ ಇವರು ಬರೀ ಡೆಮಾನ್‌ಸ್ಟ್ರೇಟರ್, ಲ್ಯಾಬಿನಲ್ಲಿ ಪ್ರಯೋಗ ತೋರಿಸುವವರು. ಈ ಕೆಲಸಕ್ಕೆ ಹೆಸರಿಲ್ಲ, ಹಾರ ತುರಾಯಿ ಮೊದಲೇ ಇಲ್ಲ.

ಅವರು ಮಾತಾಡಿದರೆ ನಾವು ಕಿವಿಯನ್ನು ಬಾಯಿಯ ಹತ್ತಿರ ತರಬೇಕು. ಉಸಿರೇ ಮಾತು. "ಹೊಸಬ್ರು ಎಲ್ಲಾನೂ ತುರುಕ್ತಾರೆ ಕಣ್ರಿ. ವರ್ಷದ ಕೊನೇಲಿ ಹುಡುಗನ ಕೈಲಿ ಏನು ಮಾಡೋಕೆ ಬರ್ಬೇಕು ಅಂತ ಮೊದ್ಲು ಕೇಳ್ತೀನಿ. ಅಲ್ಲಿಂದ ಹಿಂದಕ್ಕೆ ಬರ್ತೀನಿ. ಹುಡುಗ್ರು ಬರೋ ಭದ್ರಾವತಿ ರೈಲು ತಡ ಆಗುತ್ತೆ, ಅದಕ್ಕೆ ಮೊದಲ್ನೇ ಪೀರಿಯಡ್‌ಗೆ ಹೊಸ ಪಾಠ ಇಡಲ್ಲ. ಒಂದು ಪಾಠ ಮುಗೀತಾ, ಒಂದು ದಿನ ಖಾಲಿ. ಅರ್ಥ ಆಗ್ದೋರು ಅವತ್ತು ಕೇಳ್ಲಿ."

ಎಂಟು ವರ್ಷದ ಹಿಂದೆ ಇದೇ ಮೇಷ್ಟ್ರ ದನಿ ಗೇಟಿನ ತನಕ ಕೇಳುತ್ತಿತ್ತಂತೆ. ಗಂಟಲಲ್ಲಿ ಗಂಟು ಕಾಣಿಸಿಕೊಂಡಿತು, ಆಪರೇಷನ್ ಆಯಿತು, ಜೀವ ಉಳಿಯಿತು, ದನಿ ಹೋಯಿತು, ಅದರೊಂದಿಗೆ ಕ್ಲಾಸಿನ ಪಾಠವೂ. ವರ್ಷದೊಳಗೆ ಬರಬಹುದು ಎಂದಿದ್ದರು ಡಾಕ್ಟರು. ಆ 'ಬರಬಹುದು' ಎಂಬುದನ್ನೇ ಮೇಷ್ಟ್ರು ಇಷ್ಟು ವರ್ಷ ಜೋಪಾನ ಮಾಡಿದ್ದಾರೆ. ಹೆಂಡತಿ ಕಾಶಮ್ಮ ನಗುತ್ತಲೇ ಹೇಳುತ್ತಾರೆ, ಆದರೆ ಕಣ್ಣು ನಗುವುದಿಲ್ಲ: "ನಿದ್ದೇಲೂ ಪಾಠ ಮಾಡ್ತಾರೆ ಇವ್ರು. ಬರೀ ತುಟಿ ಅಲ್ಲಾಡುತ್ತೆ."

ತಾವು ಹಾಕಿಕೊಡುವ ಪ್ರತಿ ಯೋಜನೆಯಲ್ಲೂ ಮೇಷ್ಟ್ರು ಆಗಸ್ಟಿನ ಒಂದು ವಾರವನ್ನು ಯಾರಿಗೂ ಕೊಡುತ್ತಿರಲಿಲ್ಲ. ಅದು ಕಬ್ಬಿಣದ ಪಾಠ. ಅದಿರು ಕರಗಿ ಕಬ್ಬಿಣವಾಗುವ ಕಥೆ. ಅರ್ಧ ಕ್ಲಾಸು ಭದ್ರಾವತಿ ಕಾರ್ಖಾನೆಯ ಕೆಲಸಗಾರರ ಮಕ್ಕಳೇ. ದನಿ ಇದ್ದಾಗ ಮೇಷ್ಟ್ರು ಮೊದಲು ಕೇಳುತ್ತಿದ್ದ ಪ್ರಶ್ನೆ, ಯಾರ ಮನೆಯಲ್ಲಿ ಕುಲುಮೆ ಕೆಲಸದವರಿದ್ದಾರೆ ಎಂದು. ಬೇರೆ ದಿನ ಹಿಂದಿನ ಬೆಂಚಿನಲ್ಲಿ ಮುದುಡಿ ಕೂರುವವರು ಅಂದು ಎದ್ದು ನಿಂತು ಅಪ್ಪನ ಕೆಲಸವನ್ನು ವಿವರಿಸುತ್ತಿದ್ದರು. ಆ ಪಾಠವನ್ನು ಬಿಟ್ಟುಕೊಡಲು ಮೇಷ್ಟ್ರಿಗೆ ಮನಸ್ಸು ಬಂದಿರಲಿಲ್ಲ. ದನಿ ಬಂದ ದಿನ ತಾವೇ ಮಾಡಬೇಕೆಂಬ ಆಸೆ. ಪ್ರಿನ್ಸಿಪಾಲರು ಕಂಡೂ ಕಾಣದಂತಿದ್ದರು. ಹುಡುಗರು ಅದನ್ನು ತಾವೇ ಓದಿಕೊಂಡು ಪರೀಕ್ಷೆ ಬರೆದರು.

ಈ ಸಲ ಬಂದಿರುವ ಹೊಸ ಲೆಕ್ಚರರ್ ಬಸವರಾಜೇಶ್ವರಿ, ಭದ್ರಾವತಿಯ ಹುಡುಗಿ. ಮೇಷ್ಟ್ರ ದನಿ ಹೋದ ವರ್ಷವೇ ಇಲ್ಲಿ ಪಿಯುಸಿಗೆ ಸೇರಿದ್ದವಳು. ಹಾಳೆಯ ಮೇಲೆ ಬೆರಳಾಡಿಸುತ್ತಾ ಬಂದವಳು ಖಾಲಿ ವಾರದ ಮುಂದೆ ನಿಂತುಬಿಡುತ್ತಾಳೆ.

"ಸಾರ್, ಇಲ್ಲಿ ಕಬ್ಬಿಣ ಬರ್ಬೇಕಲ್ವಾ?"

"ಅದಿರ್ಲಿ ಬಿಡಮ್ಮ. ಅದನ್ನ ನಾನು ನೋಡ್ಕೋತೀನಿ."

ಆಕೆ ಸುಮ್ಮನಾಗುವುದಿಲ್ಲ. "ನಮ್ ವರ್ಷಾನೂ ಯಾರೂ ಮಾಡ್ಲಿಲ್ಲ ಸಾರ್. ನಮ್ಮಪ್ಪ ಫರ್ನೇಸ್‌ನಲ್ಲಿದ್ರು. ಶಿಫ್ಟ್ ಮುಗಿಸಿ ಬಂದು ದಿನಾ ಕೇಳೋರು, 'ನಮ್ ಪಾಠ ಬಂತೇನೇ' ಅಂತ. ಕೊನೆಗೆ ಬಂತು ಅಂತ ಸುಳ್ಳು ಹೇಳ್ಬಿಟ್ಟೆ."

ಮೇಷ್ಟ್ರ ಮುಖ ಸಣ್ಣದಾಗುತ್ತದೆ. ತಮ್ಮ ಆಸೆಗೆ ಎಷ್ಟು ಮನೆಗಳ ಅಪ್ಪಂದಿರು ಹೀಗೆ ಕಾದರೋ! ಪೆನ್ಸಿಲ್ ಎತ್ತಿಕೊಳ್ಳುತ್ತಾರೆ, ಇಡುತ್ತಾರೆ, ಮತ್ತೆ ಎತ್ತಿಕೊಳ್ಳುತ್ತಾರೆ. ಈ ಪಾಠ ಕೊಟ್ಟರೆ ದನಿ ಬರುತ್ತದೆಂಬ ಆಸೆಯನ್ನೂ ಕೊಟ್ಟಂತೆಯೇ. ಕೊನೆಗೆ ಖಾಲಿ ಜಾಗದಲ್ಲಿ 'ಕಬ್ಬಿಣ' ಎಂದು ಬರೆದು, ಪಕ್ಕದಲ್ಲಿ ಅವಳ ಹೆಸರು ಹಾಕಿ, ಹಾಳೆಯನ್ನು ಅವಳ ಕಡೆಗೆ ಸರಿಸುತ್ತಾರೆ. ಕೆಮ್ಮು ಬಂದವರಂತೆ ಎದ್ದು ಹೊರಗೆ ಹೋಗುತ್ತಾರೆ.

ಆಗಸ್ಟ್ ಬಂದೇ ಬರುತ್ತದೆ. ಬಸವರಾಜೇಶ್ವರಿ ಕಪ್ಪುಹಲಗೆಯ ಮೇಲೆ ಕುಲುಮೆಯ ಚಿತ್ರ ಬಿಡಿಸುತ್ತಾಳೆ. ಸೊಟ್ಟಗಾಗುತ್ತದೆ. ಮೇಷ್ಟ್ರು ಕೊನೆಯ ಬೆಂಚಿನಲ್ಲಿ ಹುಡುಗರ ನಡುವೆ ಕೂತಿದ್ದಾರೆ. ಅವಳು ಮಾತು ಶುರುಮಾಡುವುದು ಅವರ ಪ್ರಶ್ನೆಯಿಂದಲ್ಲ, ತನ್ನ ಅಪ್ಪನ ಸುಟ್ಟ ಅಂಗೈಯಿಂದ. ಕೇಳುತ್ತಾ ಕೇಳುತ್ತಾ ಮೂಲೆಯಲ್ಲಿದ್ದ ಹುಡುಗಿಯೊಬ್ಬಳು ಯಾರೂ ಕೇಳದೆಯೇ ಎದ್ದು, "ನಮ್ಮಪ್ಪನ ಕೈಯೂ ಹಂಗೇ ಇದೆ ಮೇಡಂ," ಎನ್ನುತ್ತಾಳೆ. ಆಮೇಲೆ ಇನ್ನೊಬ್ಬ, ಮತ್ತೊಬ್ಬ. ಮೇಷ್ಟ್ರು ತಲೆ ತಗ್ಗಿಸಿ ಕೂತಿದ್ದಾರೆ. ತುಟಿ ಮಾತ್ರ ಅವಳ ಮಾತಿನ ಜೊತೆಗೇ ಅಲ್ಲಾಡುತ್ತಿದೆ.

ಬೆಲ್ ಹೊಡೆದ ಮೇಲೆ ವರಾಂಡದಲ್ಲಿ ಕೇಳುತ್ತೇವೆ, ಹೇಗಿತ್ತು ಮೇಷ್ಟ್ರೇ?

"ಚೆನ್ನಾಗ್ ಮಾಡಿದ್ಳು. ನನಗಿಂತ ಚೆನ್ನಾಗ್ ಮಾಡಿದ್ಳು ಮಾರಾಯ್ರೆ," ಎನ್ನುತ್ತಾರೆ. ಆಮೇಲೆ ನಾವು ಇನ್ನಷ್ಟು ಬಗ್ಗಿ ಕೇಳಿಸಿಕೊಳ್ಳಬೇಕಾಗುತ್ತದೆ. "ನಾನಾಗಿದ್ರೆ... ಸ್ವಲ್ಪ ಜೋರಾಗಿ ಹೇಳ್ತಿದ್ದೆ."