ಎಣ್ಣೆ ಡಬ್ಬಿಯ ಎರಡನೆಯ ತೂತು

ಎಣ್ಣೆ ಡಬ್ಬಿಗೆ ಎರಡು ತೂತು ಹೊಡೆಯಬೇಕೆಂಬ ಸರಳ ಸತ್ಯವನ್ನು ನಮ್ಮ ಯಜಮಾನರಿಗೆ ಒಪ್ಪಿಸುವುದು ನನ್ನಿಂದ ಈ ಜನ್ಮದಲ್ಲಿ ಆಗದ ಕೆಲಸವೆಂದೇ ತಿಳಿದಿದ್ದೆ. ಪಕ್ಕದೂರು ಪ್ಲೇನೋದ ಅಂಗಡಿಯಿಂದ ಶೇಂಗಾ ಎಣ್ಣೆಯ ತಗಡಿನ ಡಬ್ಬಿ ತಂದ ಕೂಡಲೇ ಒಂದೇ ಒಂದು ತೂತು ಹೊಡೆದು, ಬಗ್ಗಿಸಿ, ಅದು ಬಿಕ್ಕಿ ಬಿಕ್ಕಿ ಒಲೆಯ ತುಂಬ ಎಣ್ಣೆ ಉಗುಳಿದಾಗ "ಈ ಡಬ್ಬೀನ ಸರಿ ಇಲ್ಲ ತಗೋ" ಎಂದು ಕೈ ಒರೆಸಿಕೊಳ್ಳುವ ಧಾರವಾಡದ ಧೀರ ಅವರು. ಒಳಗಿನದು ಹೊರಗೆ ಬರಬೇಕಾದರೆ ಹೊರಗಿನ ಗಾಳಿ ಒಳಗೆ ಹೋಗಬೇಕಲ್ಲವೇ, ನೀವೇ ಹೇಳಿ!

ಈ ತೂತಿನ ತತ್ತ್ವಶಾಸ್ತ್ರ ನನಗೆ ಇಷ್ಟು ಮುಖ್ಯವಾಗಲು ಕಾರಣವಿದೆ. ಮೆಕಿನ್ನಿಯ ನಮ್ಮ ಮನೆಯ ಗರಾಜಿನಲ್ಲಿ, ಕಾರು ನಿಲ್ಲಬೇಕಾದ ಜಾಗದಲ್ಲಿ, ನಾನು ವರ್ಷಗಟ್ಟಲೆ ಒಂದು ವಿಮಾನ ಕಟ್ಟಿದೆ. ವಾರವಿಡೀ ಫಾರ್ಮರ್ಸ್ ಬ್ರಾಂಚ್ ಎಂಬ ಊರಿನ ಆಫೀಸಿನಲ್ಲಿ ಕೋಡ್ ಬರೆಯುವ ಮೈಸೂರಿನ ಹೆಂಗಸು ಶನಿವಾರ ಬಂತೆಂದರೆ ಅಪ್ಪಟ ತಗಡು ಕೆಲಸದವಳು. ರೆಕ್ಕೆಯೊಳಗಿನ ಪೆಟ್ರೋಲ್ ಟ್ಯಾಂಕುಗಳ ಸಂದುಗಳಿಗೆ ಕಪ್ಪು ಅಂಟು ಮೆತ್ತಿ ಮೆತ್ತಿ, ಅದರ ದುರ್ವಾಸನೆ ನನ್ನ ಒಗ್ಗರಣೆಯವರೆಗೂ ಹಿಂಬಾಲಿಸಿತು. ಪ್ರತಿ ಟ್ಯಾಂಕಿನ ನೆತ್ತಿಯಿಂದ ಹೊರಟು ವಿಮಾನದ ಹೊಟ್ಟೆಯ ಕೆಳಗೆ ಬಾಯಿ ತೆರೆಯುವ ಕಿರುಬೆರಳಿನಷ್ಟು ಸಣ್ಣ ಕೊಳವೆಯೇ ಅದರ ಮೂಗು. ಪೆಟ್ರೋಲು ಇಳಿದಂತೆಲ್ಲ ಅಲ್ಲಿಂದ ಗಾಳಿ ಏರಬೇಕು. ಏರದಿದ್ದರೆ ಟ್ಯಾಂಕು ತುಂಬಿದ್ದೂ ಎಂಜಿನ್ನಿಗೆ ಉಪವಾಸ.

ವಿಮಾನದಲ್ಲಿ ಎರಡು ಸೀಟು. ಮೊದಲು ನಾನೊಬ್ಬಳೇ ಹಾರಿಸಿ ಪರೀಕ್ಷೆ ಮುಗಿಸಬೇಕು, ಆಮೇಲೆ ಯಜಮಾನರನ್ನು ಪಕ್ಕದಲ್ಲಿ ಕೂರಿಸಿಕೊಂಡು ಆಸ್ಟಿನ್‌ನಲ್ಲಿ ಓದುವ ಮಗಳ ಬಳಿ ಇಳಿಯಬೇಕು. ನಾನು ಇಷ್ಟೆಲ್ಲ ಒದ್ದಾಡಿದ್ದು ಅದಕ್ಕೇ. ಆದರೆ "ಬರ್ತೀರಾ?" ಎಂದು ಕೇಳಿದಾಗಲೆಲ್ಲ ಅವರದು ಒಂದೇ ಉತ್ತರ: "ನೋಡೋಣಂತ." ಆ ಉದಾಸೀನಕ್ಕೆ ನನ್ನ ಮೈಯೆಲ್ಲ ಉರಿಯುತ್ತಿತ್ತು, ಒಳಗೊಳಗೇ ನೋವೂ ಆಗುತ್ತಿತ್ತು.

ವಿಮಾನವನ್ನು ಏರ್‌ಪೋರ್ಟಿನ ಶೆಡ್ಡಿಗೆ ಸಾಗಿಸಿ ಜೋಡಿಸುವ ಹೊತ್ತಿಗೆ ಆಯುಧಪೂಜೆ ಬಂತು. ಚಕ್ರಗಳಡಿ ನಿಂಬೆಹಣ್ಣು ಇಟ್ಟೆವು. ಬೂದುಗುಂಬಳ ಒಡೆಯುವುದನ್ನು ಮಾತ್ರ ನಾನು ಖಡಾಖಂಡಿತವಾಗಿ ನಿಷೇಧಿಸಿದೆ. ಯಾವತ್ತೂ ಪೂಜೆಯ ತಟ್ಟೆ ಮುಟ್ಟದ ಯಜಮಾನರು ಅಂದು ಗಂಧದ ಬಟ್ಟಲು ಹಿಡಿದು ವಿಮಾನವನ್ನು ಸುತ್ತಿದ್ದೇ ಸುತ್ತಿದ್ದು!

ಮುಂದಿನ ಶನಿವಾರ ನೆಲದ ಮೇಲೆಯೇ ಎಂಜಿನ್ನನ್ನು ಜೋರಾಗಿ ಓಡಿಸಿ ನೋಡಿದೆ. ಸ್ವಲ್ಪ ಹೊತ್ತು ಗರ್ಜಿಸಿ, ಕೆಮ್ಮಿ, ನಿಂತೇಹೋಯಿತು. ಪಂಪು ನೋಡಿದೆ, ಫಿಲ್ಟರು ಬಿಚ್ಚಿದೆ, ಎಲ್ಲ ಸರಿ. ಕೊನೆಗೆ ಅಂಗಾತ ಮಲಗಿ ಹೊಟ್ಟೆಯಡಿ ನೋಡುತ್ತೇನೆ: ಎರಡೂ ಕೊಳವೆಗಳ ಬಾಯಿಗೆ ಗಟ್ಟಿ ಗಂಧ, ಗಂಧದ ಮೇಲೆ ಕುಂಕುಮ, ಕುಂಕುಮದ ಮೇಲೆ ಅಂದವಾಗಿ ಅಂಟಿಸಿದ ಅಕ್ಷತೆ.

"ಏನ್ರೀ ಇದು? ಗಾಳಿ ಹೋಗೋ ಬಾಯಿಗೇ ಮೆತ್ತಿದೀರಲ್ಲ!"

ಅವರು ಬಿಳಿಚಿಕೊಂಡಿದ್ದರು. "ಎಲ್ಲೂ ಖಾಲಿ ಬಿಡಬಾರದು ಅನಿಸ್ತು. ಮೊದಲ ನೀ ಒಬ್ಬಾಕೀನ ಹಾರಾಕಿ ಅಲ್ಲ? ನಂಗ ಭಾಳ ಅಂಜಿಕಿ ಆಗ್ಯದ."

ನಗಬೇಕೋ ಬೈಯಬೇಕೋ ತಿಳಿಯದೆ ಅಲ್ಲೇ ಮಲಗಿದ್ದೆ. ಉದಾಸೀನವೆಂದು ನಾನು ಉರಿದುಕೊಂಡದ್ದು ಬರೀ ಭಯವಾಗಿತ್ತು; ಇಷ್ಟು ವರ್ಷ ಹೊರಬರಲು ದಾರಿ ಸಿಗದೆ, ಕೊನೆಗೆ ಗಂಧವಾಗಿ ಹೊರಬಂದಿತ್ತು. ನನಗೆ ಅವರ ಮೇಲೆ ಅಪಾರ ಪ್ರೀತಿ ಉಕ್ಕಿತು, ಕೋಪವೂ ಇತ್ತೆನ್ನಿ.

"ಹಾಗಾದ್ರೆ ನೀವು ಬರಲ್ವಾ?"

"ಬರ್ತೀನಿ. ಆದ್ರ ನೀ ಹತ್ತೂದಕ್ಕಿಂತ ಮೊದಲ, ದಿನಾ, ಆ ತೂತು ನಾನ ನೋಡಾಂವ."

ಮಾತಿಗೆ ತಪ್ಪಲಿಲ್ಲ. ನಾನೊಬ್ಬಳೇ ಹಾರಿದ ದಿನಗಳಲ್ಲೆಲ್ಲ ಮೊದಲು ಅವರು ಟಾರ್ಚು ಹಿಡಿದು ವಿಮಾನದಡಿ ಮಲಗಿದರು. ಆಸ್ಟಿನ್‌ಗೆ ಹೊರಟ ಬೆಳಗ್ಗೆಯೂ ಮಲಗಿ, ಎದ್ದು, ಹೊಸ ಅಂಗಿಯ ಧೂಳು ಕೊಡವಿ ಪಕ್ಕದಲ್ಲಿ ಕೂತರು. ದಾರಿಯುದ್ದಕ್ಕೂ ಸೀಟಿನ ಅಂಚು ಹಿಡಿದುಕೊಂಡು "ಅಂಜಿಕಿ ಆಗ್ತದ, ಅಂಜಿಕಿ ಆಗ್ತದ" ಎಂದು ಧಾರಾಳವಾಗಿ ಹೇಳುತ್ತಲೇ ಬಂದರು. ನನಗೆ ಅದು ಸಂಗೀತದಂತೆ ಕೇಳಿಸಿತು.

ಮನೆಗೆ ಮರಳಿದ ಮರುದಿನ ಒಗ್ಗರಣೆಗೆಂದು ಹೊಸ ಎಣ್ಣೆ ಡಬ್ಬಿಗೆ ಕೈ ಹಾಕಿದೆ. ಆಗಲೇ ಯಾರೋ ಅದಕ್ಕೆ ಎದುರುಬದುರಾಗಿ ಎರಡು ತೂತು ಹೊಡೆದಿದ್ದರು. ನಟ್ಟನಡುವೆ, ಎರಡಕ್ಕೂ ತಾಗದಂತೆ, ಒಂದು ಕುಂಕುಮದ ಬೊಟ್ಟು.